ಹೊಗೆಯ ಲೆಕ್ಕ ಯಾರ ಖಾತೆಗೆ?

ಮಂಗಳೂರಿನ ಎಣ್ಣೆ ಕಾರಖಾನೆಯ ಹೊಗೆಗೂ ಮಲಪ್ರಭೆಯ ದಂಡೆಯ ನಮಗೂ ಏನು ಸಂಬಂಧವೆಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಸವದತ್ತಿಯ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವನಿಗೆ, ಬೈಲಹೊಂಗಲದ ಜಿನ್ನಿಂಗಿನಲ್ಲಿ ಅರಳೆ ಹೊರುವವನಿಗೆ, ಗೋಕಾಕ ಗಿರಣಿಯ ಪಾಳಿ ಮುಗಿಸಿ ಮನೆಗೆ ನಡೆಯುವವನಿಗೆ, ಜೋಕಟ್ಟೆ ಎಂಬ ಊರು ಯಾವ ದಿಕ್ಕಿಗಿದೆ ಎಂಬುದು ಸಹ ಗೊತ್ತಿರಲಿಕ್ಕಿಲ್ಲ. ಗೊತ್ತಿರಬೇಕು ಎಂದು ನಾವು ಹೇಳುತ್ತೇವೆ. ಏಕೆಂದರೆ ಅಲ್ಲಿ ನಡೆದದ್ದು ನಮ್ಮದೇ ಕಥೆ. ಊರಿನ ಹೆಸರು ಬೇರೆ, ಹೊಳೆಯ ಹೆಸರು ಬೇರೆ, ಅಷ್ಟೆ.

ನವಿಲುತೀರ್ಥದ ಆಣೆಕಟ್ಟಿನ ಮೇಲೆ ನಿಂತವರಿಗೆ ರೇಣುಕಾಸಾಗರದ ನೀರು ಕಾಣುತ್ತದೆ. ನೀರಿನ ಕೆಳಗಿನ ಊರು ಕಾಣುವದಿಲ್ಲ. ಮೂವತ್ತೇಳು ಟಿ.ಎಂ.ಸಿ.ಗೂ ಮಿಕ್ಕಿ ನೀರು ನಿಲ್ಲಿಸುವದಕ್ಕಾಗಿ ಹೊಲ ಬಿಟ್ಟವರು, ಗುಡಿ ಬಿಟ್ಟವರು, ಹಿರಿಯರ ಗೋರಿ ಬಿಟ್ಟು ಬಂದವರು ನಮ್ಮಲ್ಲಿ ಇದ್ದಾರೆ. ನಾಡಿನ ಪ್ರಗತಿಗಾಗಿ ಬಿಡಿರಿ ಎಂದರು, ಬಿಟ್ಟರು. ನೀರು ಬಂದ ಮೇಲೆ ಕಾಲುವೆಯ ಕೆಳಗಿನ ರೈತನ ಮೇಲೆ ಅಭಿವೃದ್ಧಿ ಕರ ಹೇರಿದರು. 1980ರ ಜುಲೈದಲ್ಲಿ ನರಗುಂದ, ನವಲಗುಂದದ ರೈತರು ಅದನ್ನು ಕೇಳಲು ಹೋದಾಗ ಗುಂಡು ಹಾರಿತು, ಹೆಣ ಬಿದ್ದವು. ಪ್ರಗತಿ ಎಂಬ ಮಾತನ್ನು ಕೇಳಿದಾಗಲೆಲ್ಲ ಬಿಲ್ಲು ಯಾರ ಹೆಸರಿಗೆ ಬರುತ್ತದೆಂದು ವಿಚಾರಿಸುವ ಬುದ್ಧಿ ನಮಗೆ ಬಂದದ್ದು ಹೀಗೆ.

ಈಗ ಕಡಲ ಕಡೆಗೆ ನೋಡೋಣ. ನವಮಂಗಳೂರು ಬಂದರಕ್ಕಾಗಿ ಪಣಂಬೂರು, ಬೈಕಂಪಾಡಿ ಭಾಗದ ಜನರನ್ನು ಎಬ್ಬಿಸಿ ಕಾಟಿಪಳ್ಳದಲ್ಲಿ ಕೂಡ್ರಿಸಿದರು. 1974ರಲ್ಲಿ ಅದು ದೇಶದ ದೊಡ್ಡ ಬಂದರಗಳ ಸಾಲಿಗೆ ಸೇರಿತು. ಎದ್ದು ಬಂದವರು ಹೊಸ ಊರಿನಲ್ಲಿ ತೆಂಗು ನೆಟ್ಟು, ಬಾವಿ ತೋಡಿ, ಮಕ್ಕಳ ಮದುವೆ ಮಾಡುವ ಹೊತ್ತಿಗೆ ಇನ್ನೊಂದು ಯೋಜನೆ ಬಾಗಿಲಿಗೆ ಬಂದಿತು. 1988ರಲ್ಲಿ ಬಿರ್ಲಾ ಮನೆತನದ ಕಂಪನಿ ಮತ್ತು ಹಿಂದುಸ್ತಾನ ಪೆಟ್ರೋಲಿಯಂ ಕೂಡಿ ಮಂಗಳೂರು ರಿಫೈನರಿಯನ್ನು ಸ್ಥಾಪಿಸಿದವು. ಎಂ.ಆರ್.ಪಿ.ಎಲ್. ಎಂದು ಜನ ಕರೆಯುವದು ಇದನ್ನೆ. ಕುತ್ತೆತ್ತೂರು, ಬಾಳ, ಕಳವಾರು ಭಾಗದ ಮನೆಗಳು ಎದ್ದವು. ಚೇಳಾಯರಿನಲ್ಲಿ ಮತ್ತೊಂದು ಪುನರ್ವಸತಿ ಕಾಲನಿ ಎದ್ದಿತು. 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ನು ಕಚ್ಚಾ ಎಣ್ಣೆ ಶುದ್ಧಿ ಮಾಡುವದರಿಂದ ಪ್ರಾರಂಭವಾದ ಕಾರಖಾನೆ ಇಂದು 150 ಲಕ್ಷ ಟನ್ನಿಗೆ ಬೆಳೆದಿದೆ. ಆಮೇಲೆ ವಿಶೇಷ ಆರ್ಥಿಕ ವಲಯ ಬಂದಿತು. ಅದರ ಎರಡನೆಯ ಹಂತಕ್ಕೆ ಕುತ್ತೆತ್ತೂರು, ಪೆರ್ಮುದೆ, ತೆಂಕ ಎಕ್ಕಾರು, ದೆಲಂತಬೆಟ್ಟುಗಳ ಜಮೀನಿನ ಮೇಲೆ ಕಣ್ಣು ಬಿದ್ದಾಗ ಜನ ಎದ್ದು ನಿಂತರು. 2011ರಲ್ಲಿ ಸರಕಾರವು ಸುಮಾರು 2,035 ಎಕರೆಯನ್ನು ಕೈಬಿಡಬೇಕಾಯಿತು. ಜನ ಗಟ್ಟಿಯಾಗಿ ನಿಂತರೆ ಸರಕಾರದ ಕಾಗದವೂ ಹಿಂದೆ ಹೋಗುತ್ತದೆ. ಇದನ್ನು ನೆನಪಿಡಬೇಕು.

ಕರಿ ಪುಡಿ, ಕೊಳೆತ ತತ್ತಿಯ ವಾಸನೆ

ಜೋಕಟ್ಟೆಯ ತಂಟೆ ಏನು? ಕಚ್ಚಾ ಎಣ್ಣೆಯಿಂದ ಪೆಟ್ರೋಲು, ಡೀಜೆಲ್ಲು, ಚಿಮಣಿ ಎಣ್ಣೆ, ಅಡಿಗೆ ಗ್ಯಾಸು ತೆಗೆದ ಮೇಲೆ ತಳದಲ್ಲಿ ಗಟ್ಟಿಯಾದ ಗಸಿ ಉಳಿಯುತ್ತದೆ. ಮೊದಲು ಅದನ್ನು ಕಡಿಮೆ ಬೆಲೆಗೆ ಮಾರಬೇಕಾಗುತ್ತಿತ್ತು. ಆ ಗಸಿಯನ್ನೂ ಐದುನೂರು ಡಿಗ್ರಿಯ ಸುತ್ತಿನ ಕಾವಿನಲ್ಲಿ ಬೇಯಿಸಿ ಇನ್ನಷ್ಟು ಡೀಜೆಲ್ಲು ಹಿಂಡಿ, ಕೊನೆಗೆ ಕಲ್ಲಿದ್ದಲಿನಂಥ ಕೋಕ್ ಎಂಬ ಕರಿ ವಸ್ತುವನ್ನು ಉಳಿಸುವ ಘಟಕವನ್ನು 2014ರಲ್ಲಿ ಚಾಲೂ ಮಾಡಿದರು. ಕಚ್ಚಾ ಎಣ್ಣೆಯಲ್ಲಿದ್ದ ಗಂಧಕವನ್ನು ಬೇರೆ ತೆಗೆಯುವ ಘಟಕವೂ ಅದರ ಜೊತೆಗಿದೆ. ಕಂಪನಿಗೆ ಇದು ಗಸಿಯಿಂದ ಬಂಗಾರ. ಗೋಡೆಯ ಆಚೆ ಇದ್ದ ಜೋಕಟ್ಟೆ, ಕಳವಾರಿನ ಮನೆಗಳಿಗೆ ಅದು ಏನಾಯಿತು? ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕರಿ ಪುಡಿ, ಬಾವಿಯ ನೀರಿನ ಮೇಲೆ ಕರಿ ಪುಡಿ, ರಾತ್ರಿ ನಿದ್ದೆಗೆಡಿಸುವ ಯಂತ್ರದ ಸಪ್ಪಳ, ಗಾಳಿ ತಿರುಗಿದಾಗ ಕೊಳೆತ ತತ್ತಿಯ ವಾಸನೆ, ಮಕ್ಕಳಿಗೆ ಕೆಮ್ಮು. ಇವು ಅಲ್ಲಿಯ ಜನ ಹೇಳಿದ ಮಾತುಗಳು. ತೋಕೂರು ಹಳ್ಳದ ಮತ್ತು ಫಲ್ಗುಣಿ ಹೊಳೆಯ ನೀರು ಬಣ್ಣಗೆಟ್ಟ ದೂರುಗಳೂ ಬಂದವು.

ಜನ ಸುಮ್ಮನೆ ಕೂಡ್ರಲಿಲ್ಲ. ನಾಗರಿಕ ಹೋರಾಟ ಸಮಿತಿ ಕಟ್ಟಿದರು. ಗಂಡಸರಿಗಿಂತ ಹೆಂಗಸರು ಮುಂದೆ ಕೂತರೆಂದರೆ ಅತಿಶಯವಲ್ಲ. ಮನೆಯೊಳಗಿನ ಧೂಳು ಮೊದಲು ಕಾಣುವದು ಕಸಬರಿಗೆ ಹಿಡಿದವರಿಗೆ. ವರ್ಷಗಟ್ಟಲೆ ಧರಣಿ, ಮೆರವಣಿಗೆ, ಅರ್ಜಿ ನಡೆದವು. ಕೊನೆಗೆ 2016ರ ಏಪ್ರಿಲಿನಲ್ಲಿ ರಾಜ್ಯ ಸರಕಾರ ಮಾಲಿನ್ಯ ತಡೆಯುವ ಆರು ಅಂಶಗಳ ಆದೇಶ ಹೊರಡಿಸಿತು. ಅದರಲ್ಲಿ ಮುಖ್ಯವಾದದ್ದು, ಕಾರಖಾನೆಗೂ ಮನೆಗಳಿಗೂ ನಡುವೆ 27 ಎಕರೆಯಲ್ಲಿ ಗಿಡಮರಗಳ ಹಸಿರು ಪಟ್ಟಿ ಬೆಳೆಸುವದು.

ಇಪ್ಪತ್ತೇಳು ಎಕರೆ! ನಮ್ಮ ಕಡೆಯ ಒಬ್ಬ ಸ್ಥಿತಿವಂತ ಒಕ್ಕಲಿಗನ ಹೊಲ. ಸಾವಿರಾರು ಎಕರೆಯನ್ನು ಕಾರಖಾನೆಗಾಗಿ, ಬಂದರಕ್ಕಾಗಿ, ವಲಯಕ್ಕಾಗಿ ಜನರಿಂದ ತೆಗೆದುಕೊಳ್ಳಲು ತಿಳಿದಿದ್ದ ಈ ವ್ಯವಸ್ಥೆಗೆ, ಅದೇ ಜನರ ಉಸಿರಿಗಾಗಿ 27 ಎಕರೆ ತೆಗೆಯುವದು ಬ್ರಹ್ಮವಿದ್ಯೆಯಾಯಿತು. ಆದೇಶ ಬಂದು ವರ್ಷಗಳು ಉರುಳಿದ ಮೇಲೂ ಅದೇ 27 ಎಕರೆಗಾಗಿ ಜೋಕಟ್ಟೆಯವರು ಮತ್ತೆ ಬೀದಿಗಿಳಿಯಬೇಕಾಯಿತು.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನಿಟ್ಟು ನೋಡಿರಿ. 2019ರ ಬೇಸಿಗೆಯಲ್ಲಿ ನೇತ್ರಾವತಿಯ ನೀರು ಸಾಲದೆ ಕಾರಖಾನೆಯ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಕೆಲವೇ ವರ್ಷಗಳಲ್ಲಿ ತಣ್ಣೀರುಬಾವಿಯ ಕಡಲದಂಡೆಯಲ್ಲಿ, ಸಮುದ್ರದ ಉಪ್ಪುನೀರನ್ನು ಸಿಹಿ ಮಾಡಿ ದಿನಕ್ಕೆ 3 ಕೋಟಿ ಲೀಟರು ಕೊಡುವ ಸ್ಥಾವರವೇ ಎದ್ದು ನಿಂತಿತು. ಯಂತ್ರದ ಬಾಯಾರಿದರೆ ಕಡಲನ್ನೇ ಸೋಸಬಹುದು. ಮನುಷ್ಯನ ಉಸಿರು ಕಟ್ಟಿದರೆ ಫಾಯಿಲು ಹುಡುಕಬೇಕು. ಕಂಪನಿಗೆ ಹಣವಿಲ್ಲ, ಬುದ್ಧಿಯಿಲ್ಲ ಎಂದು ನಾವು ಹೇಳುವದಿಲ್ಲ. ಎರಡೂ ಇವೆ. ಯಾವದಕ್ಕೆ ಮೊದಲು ಬಳಸಬೇಕೆಂಬ ಪ್ರಶ್ನೆಯಲ್ಲಿ ಜೋಕಟ್ಟೆಯ ಸರತಿ ಕೊನೆಗೆ ಬರುತ್ತದೆ, ಅಷ್ಟೆ.

ಕಂಪನಿಗಳ ಮೂರು ಉತ್ತರಗಳು

ಲೋಕದ ಯಾವ ಎಣ್ಣೆ ಕಂಪನಿಯಾದರೂ ಸರಿ, ನೆರೆಯ ಊರಿನ ದೂರಿಗೆ ಕೊಡುವ ಉತ್ತರಗಳು ಮೂರೇ.

ಮೊದಲನೆಯದು: "ಎಲ್ಲವೂ ನಿಗದಿತ ಮಿತಿಯೊಳಗಿದೆ." ಇರಲಿ. ಆದರೆ ಅಳೆದವರು ಯಾರು? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2014ರಲ್ಲಿ ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಉದ್ಯಮಗಳು ತಮ್ಮ ಚಿಮಣಿಗೆ, ತಮ್ಮ ಕೊಳೆನೀರಿನ ಬಾಯಿಗೆ ಸದಾ ಅಳೆಯುವ ಯಂತ್ರ ಕೂಡ್ರಿಸಬೇಕೆಂದು ವಿಧಿಸಿತು. ಒಳ್ಳೆಯದೆ. ಆದರೆ ಯಂತ್ರ ಕಾರಖಾನೆಯದು, ಅದನ್ನು ನೋಡಿಕೊಳ್ಳುವವರು ಕಾರಖಾನೆಯವರು, ಅಂಗಳವೂ ಕಾರಖಾನೆಯದೆ. ನಮ್ಮ ಕಿರಾಣಿ ಅಂಗಡಿಯವನ ತಕ್ಕಡಿಗೆ, ಕಲ್ಲಿಗೆ ಅವಧಿಗೊಮ್ಮೆ ಸರಕಾರದ ಮುದ್ರೆ ಬೀಳಬೇಕು. ಇನಸ್ಪೆಕ್ಟರ ಬಂದಾಗ ಮುದ್ರೆ ಹಳೆಯದಾಗಿದ್ದರೆ ದಂಡ ತಪ್ಪದು. "ನನ್ನ ತೂಕ ನಾನೇ ನೋಡಿಕೊಂಡಿದ್ದೇನೆ, ಸರಿಯಿದೆ" ಎಂದು ಅವನು ಹೇಳಿದರೆ ನಡೆಯುತ್ತದೆಯೆ? ಕಾಲು ಕಿಲೊ ಬೇಳೆಗೆ ಇರುವ ಶಿಸ್ತು, ಊರಿಗೆ ಊರೇ ಉಸಿರಾಡುವ ಗಾಳಿಗೆ ಬೇಡವೆ? ಇನ್ನೊಂದು ಮಾತು. ಮಿತಿ ಎಂಬುದು ಹೆಚ್ಚಾಗಿ ಒಂದು ದಿನದ, ಒಂದು ವರ್ಷದ ಸರಾಸರಿ. ರಾತ್ರಿ ಎರಡು ತಾಸು ಉಸಿರು ಕಟ್ಟಿಸಿ ಹಗಲೆಲ್ಲ ತೆಪ್ಪಗಿದ್ದರೆ ಸರಾಸರಿ ಚೆಂದವಾಗಿಯೇ ಬರುತ್ತದೆ. ಕೂಸು ಸರಾಸರಿಯಲ್ಲಿ ಉಸಿರಾಡುವದಿಲ್ಲ.

ಎರಡನೆಯದು: "ನಾವು ಶಾಲೆ ಕಟ್ಟಿಸಿದ್ದೇವೆ, ಆಸ್ಪತ್ರೆಗೆ ಸಹಾಯ ಮಾಡಿದ್ದೇವೆ." ಮಾಡಿದ್ದನ್ನು ಇಲ್ಲವೆನ್ನುವ ಕೃತಘ್ನತೆ ನಮಗಿಲ್ಲ. ಆದರೆ 2013ರ ಕಂಪನಿ ಕಾಯದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ ಎರಡರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡತಕ್ಕದ್ದು. ಇದು ಕಾಯದೆಯ ಕಟ್ಟಳೆ. ದಾನವಲ್ಲ, ದಯೆಯಲ್ಲ. ಅಲ್ಲದೆ ದಾನ ಬೇರೆ, ಸಾಲ ಬೇರೆ. ನಮ್ಮ ಅಂಗಡಿಯಲ್ಲಿ ಉದ್ರಿ ಮಾಡಿದ ಗಿರಾಕಿ, ಜಾತ್ರೆಯ ದಿನ ನಮ್ಮ ಹುಡುಗರಿಗೆ ಬೆಂಡು-ಬತ್ತಾಸು ಕೊಡಿಸಿ, "ಇನ್ನು ಖಾತೆ ಹರಿದು ಹಾಕು" ಎಂದರೆ ನಾವು ಹರಿಯುವದಿಲ್ಲ. ಬೆಂಡು-ಬತ್ತಾಸಿಗೆ ಉಪಕಾರ ಹೇಳಿ, ಖಾತೆಯ ಪುಟ ತೆರೆದು ಮುಂದಿಡುತ್ತೇವೆ. ಜೋಕಟ್ಟೆಯವರು ಮಾಡುವದೂ ಅಷ್ಟೆ.

ಮೂರನೆಯದು: "ಕಾರಖಾನೆ ಮುಚ್ಚಿದರೆ ನಿಮ್ಮ ಹೊಟ್ಟೆಯ ಗತಿಯೇನು?" ಈ ಮಾತನ್ನು ಗಿರಣಿ ಕಾಮಗಾರರು ಚೆನ್ನಾಗಿ ಬಲ್ಲರು. ಕಾಮಗಾರನನ್ನು ಊರಿನ ಮೇಲೆ, ಊರನ್ನು ಕಾಮಗಾರನ ಮೇಲೆ ಎತ್ತಿಕಟ್ಟುವ ಹಳೆಯ ಆಟವಿದು. ಕಾರಖಾನೆ ಮುಚ್ಚಿರೆಂದು ನಾವು ಎಂದೂ ಕೇಳಿಲ್ಲ. ಗಸಿಯಿಂದ ಡೀಜೆಲ್ಲು ಹಿಂಡುವ ಜಾಣತನವಿದ್ದವರು ಪುಡಿ ಹಾರದಂತೆ ಮುಚ್ಚುವ ಜಾಣತನವನ್ನೂ ತೋರಿಸಲಿ ಎನ್ನುತ್ತೇವೆ. ಅರಳೆಯ ಧೂಳಿನಿಂದ ಗಿರಣಿಯವರಿಗೆ ಬರುವ ಎದೆರೋಗ ಇಂದು ಪರಿಹಾರದ ಕಾಯದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಆ ಪಟ್ಟಿಗೆ ಅದು ತಾನಾಗಿಯೇ ನಡೆದು ಬರಲಿಲ್ಲ. "ಬೀಡಿ ಸೇದಿ ಕೆಮ್ಮು ಬಂತು" ಎಂಬ ಮಾತನ್ನು ಕೇಳಿ ಕೇಳಿ ಸಾಕಾದವರು ಜಗಳಾಡಿದ್ದಕ್ಕೆ ಬಂದಿತು.

ಗೋಡೆಯ ಒಳಗೂ ಹೊರಗೂ ಒಂದೇ ಗಾಳಿಯೆಂಬುದಕ್ಕೆ 2025ರ ಜುಲೈ 12ಕ್ಕಿಂತ ಬೇರೆ ಸಾಕ್ಷಿ ಬೇಡ. ಅಂದು ಈ ರಿಫೈನರಿಯೊಳಗೆ ವಿಷಾನಿಲ ಸೋರಿ ಇಬ್ಬರು ನೌಕರರು ಪ್ರಾಣ ಕಳೆದುಕೊಂಡರು. ಸೋರಿದ್ದು ಹೈಡ್ರೋಜನ್ ಸಲ್ಫೈಡ್ ಎಂದು ವರದಿಯಾಯಿತು. ಕೊಳೆತ ತತ್ತಿಯ ವಾಸನೆಯ ಅನಿಲ ಅದೇ. ಅದರ ಮೋಸ ಹೇಗಿದೆ ಎಂದರೆ, ಸ್ವಲ್ಪವಿದ್ದಾಗ ಮೂಗಿಗೆ ಬಡಿಯುತ್ತದೆ, ವಿಪರೀತ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಂದು ವಾಸನೆಯೇ ಇಲ್ಲವೆನ್ನಿಸುತ್ತದೆ. ಹೊರಗಿನವರು ವಾಸನೆ ಬಂತೆಂದು ಕೂಗಿದಾಗ ಕಿವಿಗೊಡುವದು ಒಳಗಿನವರ ಜೀವ ಉಳಿಸುವ ಹಾದಿಯೂ ಹೌದು. ಕಾಮಗಾರರ ಸಂಘವೂ ಊರಿನ ಸಮಿತಿಯೂ ಒಂದೇ ಚಾಪೆಯ ಮೇಲೆ ಕೂಡ್ರಬೇಕೆಂದು ನಾವು ಹೇಳುವದು ಇದಕ್ಕೆ.

ಇಪ್ಪತ್ತೆರಡು ನಿಮಿಷದ ಶಿಕ್ಷೆ

ಇನ್ನು ಕಾಯದೆಯ ಮಾತು. 1984ರಲ್ಲಿ ಭೋಪಾಳ ಸತ್ತ ಮೇಲೆ 1986ರಲ್ಲಿ ಪರಿಸರ ಸಂರಕ್ಷಣೆಯ ಕಾಯದೆ ಬಂದಿತು. ಮುರಿದವರಿಗೆ ಐದು ವರ್ಷದವರೆಗೆ ಸೆರೆಮನೆ, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ ಎಂದಿತ್ತು. ಎಷ್ಟು ದೊಡ್ಡ ಮನುಷ್ಯರು ಸೆರೆಮನೆ ಕಂಡರೆಂಬುದು ಬೇರೆ ಪ್ರಶ್ನೆ, ಭಯವಾದರೂ ಇತ್ತು. 2023ರ ಜನವಿಶ್ವಾಸ ಕಾಯದೆ ಆ ಸೆರೆಮನೆಯನ್ನು ಅಳಿಸಿ, ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿಯ ದಂಡವನ್ನು ಅಲ್ಲಿ ಬರೆಯಿತು. ತಪ್ಪು ಮುಂದುವರಿದರೆ ದಿನಕ್ಕೆ ಇನ್ನು ಹತ್ತು ಸಾವಿರ. ಹೆಸರು ಮಾತ್ರ ಜನವಿಶ್ವಾಸ. ಯಾವ ಜನ, ಯಾರ ವಿಶ್ವಾಸ?

ಸ್ವಲ್ಪ ಲೆಕ್ಕ ಹಾಕೋಣ. 2023-24ರಲ್ಲಿ ಈ ರಿಫೈನರಿಯ ನಿವ್ವಳ ಲಾಭ ಸುಮಾರು 3,596 ಕೋಟಿ ರೂಪಾಯಿ. ವರ್ಷದ ತಾಸುಗಳಿಂದ ಭಾಗಿಸಿದರೆ ತಾಸಿಗೆ 41 ಲಕ್ಷ ಬೀಳುತ್ತದೆ. ಹದಿನೈದು ಲಕ್ಷ ಗಳಿಸಲು ಇಪ್ಪತ್ತೆರಡು ನಿಮಿಷ ಸಾಕು. ಗಿರಣಿಯಲ್ಲಿ ಒಬ್ಬನು ಊಟದ ಬುತ್ತಿ ಬಿಚ್ಚಿ ಕಟ್ಟುವಷ್ಟು ಹೊತ್ತು! ಮುಂದಿನ ವರ್ಷ ಎಣ್ಣೆಯ ಪೇಟೆ ಇಳಿದು ಲಾಭ ತೀರ ಕಡಿಮೆಯಾಯಿತೆಂಬುದನ್ನೂ ಪ್ರಾಮಾಣಿಕವಾಗಿ ಹೇಳುತ್ತೇವೆ. ಆದರೆ ಪೇಟೆ ಇಳಿದ ವರ್ಷ ಚಿಮಣಿಯೇನು ರಜೆ ಹಾಕಲಿಲ್ಲ. ಹಸಿರು ನ್ಯಾಯಮಂಡಳಿ ಪರಿಹಾರ ವಿಧಿಸಬಹುದು, ನಿಜ. ಅಲ್ಲಿಗೆ ವಕೀಲರನ್ನು ಹಿಡಿದು, ಪುರಾವೆ ಹೊತ್ತು ಹೋಗಬೇಕಾದವರು ಕೂಲಿ ಬಿಟ್ಟು ಬರುವ ಜನ. ದಿಲ್ಲಿಯ ಕಾರಖಾನೆಯೊಂದರಿಂದ ಆಮ್ಲದ ಅನಿಲ ಸೋರಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1986ರಲ್ಲಿಯೇ ಹೇಳಿತ್ತು: ಉದ್ಯಮ ಎಷ್ಟು ದೊಡ್ಡದೊ ಪರಿಹಾರವೂ ಅಷ್ಟು ದೊಡ್ಡದಿರಬೇಕು, ಇಲ್ಲದಿದ್ದರೆ ಅದು ಯಾರಿಗೂ ಬುದ್ಧಿ ಕಲಿಸುವದಿಲ್ಲ. ನ್ಯಾಯಾಲಯ ಏರಿಸಿದ ಮೆಟ್ಟಿಲನ್ನು ಪಾರ್ಲಿಮೆಂಟು ಇಳಿಸಿತು.

ನಮ್ಮವರದೇ ಕಾರಖಾನೆ, ನಮಗೇ ಲೆಕ್ಕವಿಲ್ಲ

ಇಲ್ಲಿ ನಮ್ಮನ್ನು ಚುಚ್ಚುವ ಪ್ರಶ್ನೆಯೊಂದಿದೆ. ಅದನ್ನು ಮುಚ್ಚಿಡುವದಿಲ್ಲ. ದೊಡ್ಡ ಉದ್ಯಮಗಳು ಖಾಸಗಿಯವರ ಕೈಯಲ್ಲಿರದೆ ರಾಷ್ಟ್ರದ ಒಡೆತನದಲ್ಲಿರಬೇಕೆಂದು ವಾದಿಸುತ್ತ ಬಂದವರು ನಾವು. 2003ರಲ್ಲಿ ಬಿರ್ಲಾ ಮನೆತನದ ಪಾಲನ್ನು ಓ.ಎನ್.ಜಿ.ಸಿ. ಕೊಂಡಾಗ ಈ ರಿಫೈನರಿ ಸಾರ್ವಜನಿಕ ರಂಗಕ್ಕೆ ಬಂದಿತು. ಇಂದು ಅದರ ಬಹುಪಾಲು ಶೇರುಗಳು ಸರಕಾರಿ ಎಣ್ಣೆ ಕಂಪನಿಗಳ ಕೈಯಲ್ಲಿವೆ. ಕೋಕ್ ಘಟಕ ಬಂದದ್ದೂ, 27 ಎಕರೆ ತಡವಾದದ್ದೂ ಖಾಸಗಿ ಸಾವುಕಾರನ ಕಾಲದಲ್ಲಿ ಅಲ್ಲ. ನಮ್ಮ, ನಿಮ್ಮ ಒಡೆತನದ ಕಾಲದಲ್ಲಿ. ಖಾಸಗಿಯವರು ಇದನ್ನು ನೋಡಿ ನಗುತ್ತಾರೆ. "ಕಂಡಿರಾ ನಿಮ್ಮ ಸಮಾಜವಾದ!" ಎನ್ನುತ್ತಾರೆ.

ಅವರಿಗೆ ನಮ್ಮ ಉತ್ತರವಿದು. ಬಾಗಿಲ ಮೇಲಿನ ಫಲಕ ಬದಲಾದರೆ ಸಮಾಜವಾದವಾಗುವದಿಲ್ಲ. ಸಾರ್ವಜನಿಕ ಒಡೆತನವೆಂದರೆ ಸಾರ್ವಜನಿಕರಿಗೆ ಲೆಕ್ಕ ಒಪ್ಪಿಸುವದು. ದಿಲ್ಲಿಯ ಮಂತ್ರಿ ಲಾಭಾಂಶದ ಚೆಕ್ಕು ಎಣಿಸಿ, ಜೋಕಟ್ಟೆಯ ಹೆಂಗಸು ಕರಿ ಪುಡಿ ಗುಡಿಸುತ್ತಿದ್ದರೆ ಅದು ಸರಕಾರದ ಸಾವುಕಾರಿಕೆ. ಇದಕ್ಕೆ ಮದ್ದು ಮತ್ತೆ ಖಾಸಗಿಯವರಿಗೆ ಮಾರುವದಲ್ಲ. ಖಾಸಗಿ ಕಂಪನಿ ನೆರೆಹೊರೆಗೆ ಏನು ಮಾಡುತ್ತದೆಂಬುದನ್ನು ನೈಜೀರಿಯಾದ ಓಗೊನಿ ನಾಡು ನೋಡಿದೆ. ಶೆಲ್ ಕಂಪನಿಯ ಎಣ್ಣೆ ಹೊಲಕ್ಕೆ, ಹಳ್ಳಕ್ಕೆ ಹರಿದು, ಕೇಳಲು ನಿಂತ ಲೇಖಕ ಕೆನ್ ಸಾರೊ-ವೀವಾ ಮತ್ತು ಎಂಟು ಜನರನ್ನು ಅಲ್ಲಿಯ ಸೈನಿಕ ಸರಕಾರ 1995ರ ನವೆಂಬರ 10ರಂದು ಗಲ್ಲಿಗೇರಿಸಿತು. ಆ ನೆಲ ಪೂರ್ತಿ ಸ್ವಚ್ಛವಾಗಲು 25ರಿಂದ 30 ವರ್ಷ ಬೇಕಾಗಬಹುದೆಂದು ವಿಶ್ವಸಂಸ್ಥೆಯ ಪರಿಸರ ಶಾಖೆ 2011ರಲ್ಲಿ ವರದಿ ಕೊಟ್ಟಿತು. ಅಲ್ಲಿಯ ಬೋಡೊ ಎಂಬ ಊರಿನವರು 2008ರ ಸೋರಿಕೆಗೆ ಪರಿಹಾರ ಕೇಳಲು ಲಂಡನ್ನಿನ ಕೋರ್ಟಿನವರೆಗೆ ಹೋಗಬೇಕಾಯಿತು. 2015ರಲ್ಲಿ ಕಂಪನಿ 5.5 ಕೋಟಿ ಪೌಂಡಿಗೆ ಒಪ್ಪಿಕೊಂಡಿತು. ಹಣ ಬಂದಿತು, ಏಳು ವರ್ಷದ ಬೆಳೆ ಮತ್ತು ಮೀನು ಬರಲಿಲ್ಲ.

ನಮ್ಮ ಕಾರಖಾನೆ ಅದಕ್ಕಿಂತ ಮೇಲಾಗಿರಬೇಕು. ಮೇಲಾಗಿರಬೇಕೆಂದು ಕೇಳುವ ಹಕ್ಕು ಒಡೆಯರಾದ ನಮಗಿದೆ.

ನಮ್ಮ ಹೊಳೆಯನ್ನೂ ನೋಡೋಣ

ಬೇರೆಯವರ ಅಂಗಳ ತೋರಿಸುವಾಗ ನಮ್ಮ ಅಂಗಳ ಮರೆಯಬಾರದು. ಕೇಂದ್ರ ಮಂಡಳಿ 2018ರಲ್ಲಿ ಪಟ್ಟಿ ಮಾಡಿದ ಕರ್ನಾಟಕದ 17 ಮಲಿನ ನದಿಪಾತ್ರಗಳಲ್ಲಿ ನಮ್ಮ ಮಲಪ್ರಭೆಯೂ ಇದೆ. ಅದನ್ನು ಕೆಡಿಸಲು ಯಾವ ರಿಫೈನರಿಯೂ ಬರಬೇಕಾಗಲಿಲ್ಲ. ಊರ ಗಟಾರು, ಪೇಟೆಯ ಕಸ, ಎಲ್ಲಮ್ಮನ ಗುಡ್ಡದ ಜಾತ್ರೆಗೆ ಬಂದ ಲಕ್ಷಾಂತರ ಜನ ಬಿಟ್ಟುಹೋದ ಪ್ಲಾಸ್ಟಿಕ್ಕು, ಇವೆಲ್ಲ ಮಳೆ ಬಿದ್ದಾಗ ಎಲ್ಲಿಗೆ ಹೋಗುತ್ತವೆ? ಪೇಟೆಯ ಪ್ಲಾಸ್ಟಿಕ್ ಚೀಲಕ್ಕೆ ಬೇಕಾಗುವ ಪಾಲಿಪ್ರೊಪಿಲೀನ್ ಸಹ ಅಂಥ ಕಾರಖಾನೆಯಿಂದಲೇ ಬರುತ್ತದೆ. ಮಂಗಳೂರು ರಿಫೈನರಿಗೂ ಅದರ ಘಟಕವಿದೆ. ಅಲ್ಲಿ ಹೊಗೆಯಾಗಿ ಪ್ರಾರಂಭವಾದದ್ದು ಇಲ್ಲಿ ಗಟಾರು ಕಟ್ಟಿ ಮುಗಿಯುತ್ತದೆ. ಆದುದರಿಂದ ಪುರಸಭೆಯ ಕೊಳಚೆ ಶುದ್ಧಿ ಸ್ಥಾವರ ನಡೆಯುತ್ತಿದೆಯೊ ಇಲ್ಲವೊ ಎಂದು ಕೇಳುವ ಅರ್ಜಿ ಬರೆಯುವ ಕೈಯೇ ಜೋಕಟ್ಟೆಗಾಗಿಯೂ ಅರ್ಜಿ ಬರೆಯಬೇಕು.

ನಾವು ಕೇಳುವದು ಇಷ್ಟೆ. ಒಂದು, 2016ರ ಆದೇಶದ ಆರೂ ಅಂಶಗಳಲ್ಲಿ ಯಾವುದು ಎಷ್ಟು ನಡೆದಿದೆ ಎಂಬ ಲೆಕ್ಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಜೋಕಟ್ಟೆಯ ಪಂಚಾಯತಿಯ ಗೋಡೆಗೆ ಹಚ್ಚಬೇಕು. ಎರಡು, ಗಾಳಿ-ನೀರು ಅಳೆಯುವ ಯಂತ್ರ ಊರೊಳಗೆ ಇರಬೇಕು. ಅದರ ಅಂಕಿ ತಾಸುತಾಸಿಗೆ ಊರವರ ಕಣ್ಣಿಗೆ ಬೀಳಬೇಕು. ಅದನ್ನು ಕಾಯುವ ಸಮಿತಿಯಲ್ಲಿ ಊರವರೂ ಕಾಮಗಾರರ ಸಂಘದವರೂ ಇರಬೇಕು. ಮೂರು, ಸುತ್ತಲಿನ ಮನೆಮನೆಗಳ ಆರೋಗ್ಯ ತಪಾಸಣೆಯನ್ನು ಕಂಪನಿಯ ಖರ್ಚಿನಲ್ಲಿ, ಆದರೆ ಕಂಪನಿಯ ಹಂಗಿಲ್ಲದ ವೈದ್ಯರಿಂದ ಮಾಡಿಸಬೇಕು. ನಾಲ್ಕು, 2025ರ ಇಬ್ಬರ ಸಾವಿನ ತನಿಖೆ ಪೂರ್ತಿಯಾಗಿ ಪ್ರಕಟವಾಗಬೇಕು. ಐದು, ದಂಡದ ಗರಿಷ್ಠವನ್ನು ಲಾಭದ ಪ್ರಮಾಣಕ್ಕೆ ಕಟ್ಟಬೇಕು. ಬೀದಿಯ ಬಜ್ಜಿ ಅಂಗಡಿಗೂ ಸಾವಿರಾರು ಕೋಟಿಯ ಕಂಪನಿಗೂ ಹದಿನೈದು ಲಕ್ಷವೇ ತುದಿಯೆಂಬ ಕಾಯದೆ ಕಾಯದೆಯಲ್ಲ, ಪಕ್ಷಪಾತ.

ಇವುಗಳಲ್ಲಿ ಆಗದ್ದೊಂದೂ ಇಲ್ಲ. ಕಡಲನ್ನು ಸೋಸಿದವರಿಗೆ ಕರಿ ಪುಡಿ ತಡೆಯುವದು ಕಷ್ಟವಲ್ಲ.

ವ್ಯಾಪಾರಸ್ಥ ಬಂಧುಗಳೆ, ನಿಮ್ಮ ಕಿರ್ದಿಯಲ್ಲಿ ಜಮೆಗೆ ಒಂದು ಪುಟ, ಖರ್ಚಿಗೆ ಒಂದು ಪುಟ ಇರುತ್ತದೆ. ಎರಡೂ ತಾಳೆಯಾಗದೆ ದೀಪಾವಳಿಯ ಪೂಜೆಗೆ ಖಾತೆ ಏರುವದಿಲ್ಲ. ದೇಶದ ಎಣ್ಣೆಯ ಖಾತೆಯಲ್ಲಿ ಜಮೆಯ ಪುಟ ಮಾತ್ರ ದಿಲ್ಲಿಯಲ್ಲಿದೆ, ಖರ್ಚಿನ ಪುಟವನ್ನು ಜೋಕಟ್ಟೆಯವರ ಎದೆಯಲ್ಲಿ ಬರೆದಿದ್ದಾರೆ. ಕಾಮಗಾರ ಬಂಧುಗಳೆ, ಆ ಪುಟ ನಿಮ್ಮ ಎದೆಯಲ್ಲಿಯೂ ಇದೆ. ಎರಡೂ ಪುಟಗಳನ್ನು ಒಂದೇ ವಹಿಯಲ್ಲಿ ಹೊಲಿಯುವವರೆಗೆ ಕೇಳುತ್ತಲೇ ಇರೋಣ. ಜೋಕಟ್ಟೆಯ ಸಮಿತಿಗೆ ನಮ್ಮ ತಾಲೂಕುಗಳಿಂದ ಬೆಂಬಲದ ಠರಾವು ಹೋಗಲಿ. ಬರುವ ರವಿವಾರ ನಿಮ್ಮ ಸಂಘದ ಸಭೆಯಲ್ಲಿ ಈ ಮಾತು ಎತ್ತಿರಿ.